ಭಾಸ್ಕರಾಚಾರ್ಯನ ಜನ್ಮಸ್ಥಳವೂ ಆತನ ಸಿದ್ಧಾಂತದಲ್ಲಿಯ ದೇಶವಿಚಾರವೂ

೧

ಭರತಖಂಡದ ಪ್ರಾಚೀನ ಜ್ಯೋತಿರ್ಗಣಿತಜ್ಞರಲ್ಲಿ ಭಾಸ್ಕರಾಚಾರ್ಯನಷ್ಟು ಪ್ರಸಿದ್ಧಿಯನ್ನು ಪಡೆದವರು ವಿರಳ. ಆತನ “ಲೀಲಾವತಿ”ಯು ಶತಮಾನಗಳವರೆಗೆ ಪಾಠಶಾಲೆಗಳಲ್ಲಿ ಗಣಿತದ ಮುಖ್ಯ ಪಠ್ಯವಾಗಿದ್ದಿತು. ಇಂತಹ ಮಹಾಪುರುಷನನ್ನು ತಮ್ಮ ನಾಡಿನವನೆಂದು ಹೇಳಿಕೊಳ್ಳುವ ಆಸೆ ಅನೇಕರಲ್ಲಿ ಹುಟ್ಟುವುದು ಸಹಜವೇ. ಕರ್ಣಾಟಕದಲ್ಲಿ ಆತನನ್ನು ವಿಜಾಪುರದವನೆಂದು ಹೇಳುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಮಹಾರಾಷ್ಟ್ರದ ವಿದ್ವಾಂಸರು ಆತನನ್ನು ಖಾನದೇಶದವನೆನ್ನುವರು. ಈ ವಿವಾದದಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಆಚಾರ್ಯನು ಹುಟ್ಟಿದ ಊರು ಯಾವುದೆಂಬುದು ಒಂದು; ಆತನ ಶಾಸ್ತ್ರದ ಮೇಲೆ ಯಾವ ನಾಡಿಗೆ ಹಕ್ಕುಂಟೆಂಬುದು ಮತ್ತೊಂದು. ಮೊದಲನೆಯದು ಶಾಸನ ಮತ್ತು ಗ್ರಂಥಪ್ರಮಾಣಗಳಿಂದ ವಿಚಾರಿಸತಕ್ಕದ್ದು. ಎರಡನೆಯದಕ್ಕೆ ಆತನ ಸಿದ್ಧಾಂತವೇ ಉತ್ತರವನ್ನು ಕೊಡುತ್ತದೆ. ಇವೆರಡನ್ನೂ ಬಿಡಿಸಿ ನೋಡುವುದು ಅವಶ್ಯಕ.

ಇಲ್ಲಿ ವಿಚಾರಕ್ಕೆ ಬಂದಿರುವವನು ಎರಡನೆಯ ಭಾಸ್ಕರನು. “ಮಹಾಭಾಸ್ಕರೀಯ”ವನ್ನು ಬರೆದ ಮೊದಲನೆಯ ಭಾಸ್ಕರನು ಏಳನೆಯ ಶತಮಾನದವನಾದುದರಿಂದ ಅವನನ್ನು ಇವನೊಡನೆ ಬೆರೆಸಲಾಗದು.

೨

ಪ್ರಾಚೀನರಲ್ಲಿ ತಮ್ಮ ಕಾಲವನ್ನು ತಾವೇ ಸ್ಪಷ್ಟವಾಗಿ ಹೇಳಿಕೊಂಡವರು ಕೆಲವರೇ. ಭಾಸ್ಕರನು ಈ ವಿಷಯದಲ್ಲಿ ಉಪಕಾರಿಯಾಗಿರುವನು. ಗೋಲಾಧ್ಯಾಯದ ಕೊನೆಯಲ್ಲಿ ತಾನು ಶಕ ೧೦೩೬ರಲ್ಲಿ, ಎಂದರೆ ಕ್ರಿ.ಶ. ೧೧೧೪ರಲ್ಲಿ, ಹುಟ್ಟಿದುದಾಗಿಯೂ, ಮೂವತ್ತಾರನೆಯ ವಯಸ್ಸಿನಲ್ಲಿ “ಸಿದ್ಧಾಂತಶಿರೋಮಣಿ”ಯನ್ನು ರಚಿಸಿದುದಾಗಿಯೂ ತಿಳಿಸಿರುವನು. ಆದಕಾರಣ ಆ ಗ್ರಂಥದ ಕಾಲ ಕ್ರಿ.ಶ. ೧೧೫೦. “ಕರಣಕುತೂಹಲ”ವೆಂಬ ಕರಣಗ್ರಂಥಕ್ಕೆ ಶಕ ೧೧೦೫ನ್ನು, ಅಂದರೆ ೧೧೮೩ನ್ನು, ಆರಂಭವರ್ಷವಾಗಿ ಹಿಡಿದಿರುವನು. ಎಪ್ಪತ್ತಕ್ಕೆ ಸಮೀಪಿಸಿದ ವಯಸ್ಸಿನಲ್ಲಿಯೂ ಆತನು ಗ್ರಂಥರಚನೆಯಲ್ಲಿ ತೊಡಗಿದ್ದನೆಂದು ಇದರಿಂದ ತಿಳಿಯುವುದು. ಗೋತ್ರ ಶಾಂಡಿಲ್ಯ, ತಂದೆ ಮಹೇಶ್ವರ, ಆ ತಂದೆಯೇ ವಿದ್ಯಾಗುರು.

ಊರಿನ ವಿಷಯದಲ್ಲಿ ಆತನ ಮಾತು ಎರಡು ಸಂಗತಿಗಳನ್ನು ತಿಳಿಸುತ್ತದೆ: ಅದು ಸಹ್ಯಪರ್ವತವನ್ನು ಆಶ್ರಯಿಸಿದ ಪುರ, ಅದರ ಹೆಸರು ವಿಜ್ಜಡವಿಡ. ವಿವಾದವೆಲ್ಲವೂ ಈ ಎರಡು ಸಂಗತಿಗಳ ಸುತ್ತ ಹಬ್ಬಿದೆ.

ವಿಜಾಪುರದ ಪಕ್ಷವನ್ನು ಮೊದಲು ಪರೀಕ್ಷಿಸತಕ್ಕದ್ದು. ಹೆಸರಿನ ಮೊದಲ ಅಕ್ಷರಗಳ ಹೋಲಿಕೆಯೇ ಇದಕ್ಕೆ ಮುಖ್ಯಾಧಾರ. ಆದರೆ ಆ ನಗರದ ಹಳೆಯ ಹೆಸರು ವಿಜಯಪುರ. ಶುದ್ಧ ಸಂಸ್ಕೃತರೂಪವಾದ ಹೆಸರು ಕೈಗೆ ಸಿಕ್ಕಿರುವಾಗ ಸಂಸ್ಕೃತದಲ್ಲಿ ಬರೆಯುವ ಕವಿಯೊಬ್ಬನು ಅದನ್ನು ಬಿಟ್ಟು “ವಿಜ್ಜಡವಿಡ”ವೆಂಬ ದೇಶ್ಯರೂಪವನ್ನು ಬಳಸುವುದಕ್ಕೆ ಕಾರಣ ತೋರದು. ಎರಡನೆಯದಾಗಿ, ವಿಜಾಪುರವು ಬಯಲುಸೀಮೆಯಲ್ಲಿದೆ. ಸಹ್ಯಾದ್ರಿಯ ನೆತ್ತಿಯಿಂದ ಅದಕ್ಕೆ ನೂರು ಮೈಲಿಗಳಿಗೆ ಕಡಮೆಯಿಲ್ಲದ ದೂರವುಂಟು. ಅಂತಹ ಪಟ್ಟಣವನ್ನು ಸಹ್ಯಪರ್ವತದ ಆಶ್ರಯದಲ್ಲಿರುವುದೆಂದು ವರ್ಣಿಸುವುದು ಸಂಗತವಾಗಲಾರದು.

ಕನ್ನಡದ ಪಕ್ಷದಲ್ಲಿ ಇದಕ್ಕಿಂತ ಬಲವಾದ ಮತ್ತೊಂದು ಯುಕ್ತಿಯನ್ನು ಹೂಡಬಹುದು. ಹೆಸರಿನ ಕೊನೆಯ ಭಾಗವನ್ನು ಕನ್ನಡದ “ಬೀಡು” ಎಂಬುದಾಗಿ ತಿಳಿದು, ವಕಾರಬಕಾರಗಳಿಗೂ ಡಕಾರಳಕಾರಗಳಿಗೂ ಇರುವ ವ್ಯತ್ಯಯವನ್ನು ಒಪ್ಪಿಕೊಂಡರೆ, “ಬಿಜ್ಜಳಬೀಡು” ಎಂಬ ರೂಪ ದೊರೆಯುವುದು. ಯುಕ್ತಿ ಮನೋಹರವಾಗಿದೆ, ಆದರೆ ಎರಡು ಆಕ್ಷೇಪಗಳಿವೆ. ಆ ಶ್ಲೋಕದ ವೃತ್ತ ಶಾರ್ದೂಲವಿಕ್ರೀಡಿತ. “ಬೀ” ಎಂಬ ಅಕ್ಷರ ಬರಬೇಕಾದ ಸ್ಥಾನದಲ್ಲಿ ಆ ವೃತ್ತಕ್ಕೆ ಲಘುವೇ ಬೇಕು, ದೀರ್ಘವನ್ನಿಟ್ಟರೆ ಛಂದೋಭಂಗವಾಗುವುದು. ಕವಿಯು ಛಂದಸ್ಸಿಗಾಗಿ ಹ್ರಸ್ವ ಮಾಡಿಕೊಂಡನೆನ್ನಬಹುದು. ಆದರೆ ಹಾಗೆ ಊಹಿಸಿಕೊಂಡ ರೂಪವು ಪ್ರಮಾಣವಾಗಲಾರದು. ಇನ್ನು ಕಳಚುರಿ ಬಿಜ್ಜಳನು ಚಾಳುಕ್ಯಸಿಂಹಾಸನವನ್ನು ಆಕ್ರಮಿಸಿದುದು ೧೧೫೦ರ ತರುವಾಯ. ಆತನ ಹೆಸರಿನ ರಾಜಧಾನಿಯೊಂದು ಅದಕ್ಕೆ ಮುಂಚೆಯೇ ಪ್ರಸಿದ್ಧವಾಗಿದ್ದಿತೆಂದು ಹೇಳಲು ಬೇರೆ ಆಧಾರ ಬೇಕು. ಎಲ್ಲಕ್ಕೂ ಮಿಗಿಲಾಗಿ, “ಬೀಡು” ಎಂಬ ಪದ ಸಿದ್ಧಿಸಿದರೂ ಊರು ಇಂದಿನ ಕರ್ಣಾಟಕದಲ್ಲಿಯೇ ಇದ್ದಿತೆಂದು ಸಿದ್ಧಿಸದು. ಆ ಕಾಲದಲ್ಲಿ ಕನ್ನಡನುಡಿ ಇಂದಿನ ಎಲ್ಲೆಗಳನ್ನು ಮೀರಿ ಉತ್ತರಕ್ಕೆ ಹಬ್ಬಿದ್ದಿತು.

ಖಾನದೇಶದ ಪಕ್ಷಕ್ಕೆ ಶಾಸನದ ಬೆಂಬಲವಿದೆ. ಇಂದಿನ ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ತಾಲ್ಲೂಕಿಗೆ ಸೇರಿದ ಪಾಟಣ ಗ್ರಾಮದಲ್ಲಿ ದೊರೆತ ಶಾಸನವನ್ನು ಡಾಕ್ಟರ್ ಭಾವು ದಾಜಿಯವರು ೧೮೬೫ರಲ್ಲಿ ಪ್ರಕಟಪಡಿಸಿದರು. ಅನಂತರ ಕೀಲ್‌ಹಾರ್ನ್ ಪಂಡಿತರು ಅದನ್ನು ಪರಿಷ್ಕರಿಸಿದರು. ಅದರ ಕಾಲ ೧೨೦೭. ಭಾಸ್ಕರನ ಮೊಮ್ಮಗನೂ ಯಾದವ ಸಿಂಘಣನ ಜ್ಯೋತಿಷಿಯೂ ಆದ ಚಂಗದೇವನು ತನ್ನ ತಾತನ ಗ್ರಂಥಗಳ ಅಧ್ಯಯನಕ್ಕಾಗಿ ಅಲ್ಲಿ ಮಠವೊಂದನ್ನು ಸ್ಥಾಪಿಸಿದುದನ್ನೂ, ನಿಕುಂಭವಂಶದ ಅರಸರು ಅದಕ್ಕೆ ದತ್ತಿ ಬಿಟ್ಟುದನ್ನೂ ಅದು ತಿಳಿಸುತ್ತದೆ. ತ್ರಿವಿಕ್ರಮನಿಂದ ಮೊದಲುಗೊಂಡು ಚಂಗದೇವನವರೆಗೆ ವಂಶಾವಳಿಯನ್ನೂ ಕೊಡುತ್ತದೆ. ಭಾಸ್ಕರನ ಮಗನಾದ ಲಕ್ಷ್ಮೀಧರನನ್ನು ಯಾದವ ಜೈತ್ರಪಾಲನು ಆ ಪುರದಿಂದಲೇ ಕರೆದೊಯ್ದು ವಿದ್ವನ್ಮುಖ್ಯನನ್ನಾಗಿ ಮಾಡಿದನೆಂಬ ಮಾತೂ ಅದರಲ್ಲಿದೆ. ಪಾಟಣವು ಸಹ್ಯಾದ್ರಿಯಿಂದ ಪೂರ್ವಕ್ಕೆ ಚಾಚಿದ ಬೆಟ್ಟಸಾಲಿನ ಬುಡದಲ್ಲಿರುವುದರಿಂದ ಆಚಾರ್ಯನ ವರ್ಣನೆಗೂ ಒಪ್ಪುತ್ತದೆ.

ಹೀಗಿದ್ದರೂ ಶಾಸನದಿಂದ ಸಿದ್ಧಿಸುವುದೇನೆಂಬುದನ್ನು ಮಿತಿಮೀರದೆ ಹೇಳಬೇಕು. ಮಗನ ಕಾಲಕ್ಕೆ ಮನೆತನವು ಪಾಟಣದಲ್ಲಿ ನೆಲೆಸಿದ್ದಿತೆಂಬುದು ಸಿದ್ಧ. ಭಾಸ್ಕರನು ಅಲ್ಲಿಯೇ ಹುಟ್ಟಿದನೆಂದು ಶಾಸನ ಹೇಳುವುದಿಲ್ಲ. ವಿಜ್ಜಡವಿಡವೆಂಬ ಹೆಸರನ್ನು ಆ ಗ್ರಾಮದೊಡನೆ ಕೂಡಿಸುವುದೂ ಇಲ್ಲ. ಆದುದರಿಂದ ವಿಜಾಪುರದ ಪಕ್ಷ ದುರ್ಬಲ, ಖಾನದೇಶದ ಪಕ್ಷ ಸಂಭಾವ್ಯ, ನಿರ್ಣಯ ಮಾತ್ರ ಅಪೂರ್ಣ. ಈ ಮೂರು ಮಾತುಗಳಿಗಿಂತ ಹೆಚ್ಚಾಗಿ ಹೇಳುವವರು ಅಭಿಮಾನದಿಂದ ಹೇಳುವರೇ ಹೊರತು ಪ್ರಮಾಣದಿಂದಲ್ಲ.

೩

ಆಚಾರ್ಯನ ಹೆಸರಿನೊಡನೆ ಬೆಳೆದ ಕಥೆಗಳಿಗೂ ಇದೇ ಪರೀಕ್ಷೆ ಸಲ್ಲತಕ್ಕದ್ದು. ಲೀಲಾವತಿಯು ಆತನ ಮಗಳೆಂದೂ, ಮದುವೆಯ ಮುಹೂರ್ತವನ್ನು ತಿಳಿಸಬೇಕಾದ ಘಳಿಗೆಬಟ್ಟಲಿನಲ್ಲಿ ಆಕೆಯ ಆಭರಣದ ಮುತ್ತೊಂದು ಬಿದ್ದು ನೀರು ನಿಂತುಹೋಯಿತೆಂದೂ, ಮದುವೆ ತಪ್ಪಿದ ಆಕೆಯ ಸಮಾಧಾನಕ್ಕಾಗಿ ಗ್ರಂಥಕ್ಕೆ ಆ ಹೆಸರನ್ನಿಟ್ಟನೆಂದೂ ಹೇಳುವ ಕಥೆ ಜನರ ಮನಸ್ಸನ್ನು ಸೆಳೆದಿದೆ. ಅದಕ್ಕೆ ಮೂಲವು ಅಕ್ಬರನ ಆಸ್ಥಾನದ ಫೈಜಿಯು ೧೫೮೭ರಲ್ಲಿ ಮಾಡಿದ ಪಾರಸೀಭಾಷಾಂತರ. ಗ್ರಂಥ ಹುಟ್ಟಿ ನಾನ್ನೂರು ವರ್ಷಗಳು ಕಳೆದ ಮೇಲಿನ ಮಾತು. ಗ್ರಂಥದಲ್ಲಿ ಬರುವ “ಬಾಲೆ”, “ಮೃಗಾಕ್ಷಿ” ಮೊದಲಾದ ಸಂಬೋಧನೆಗಳು ಕವಿಸಮಯಕ್ಕೆ ಸೇರಿದವು. “ಮಿತ್ರನೇ”, “ವಣಿಕ್ಕೇ” ಎಂಬ ಸಂಬೋಧನೆಗಳೂ ಅಲ್ಲಿವೆ. ಇವುಗಳಿಂದ ಆಚಾರ್ಯನ ಗೃಹಕೃತ್ಯವನ್ನು ಊಹಿಸುವುದು ಯುಕ್ತವಲ್ಲ.

೪

ಇನ್ನು ಎರಡನೆಯ ಪ್ರಶ್ನೆ. ಸಿದ್ಧಾಂತಗ್ರಂಥವು ಒಂದೂರಿನ ಆಕಾಶವನ್ನು ವರ್ಣಿಸುವ ಪುಸ್ತಕವಲ್ಲ. ಗ್ರಹಗತಿಗಳನ್ನು ಲಂಕೆ, ಉಜ್ಜಯಿನಿ, ಕುರುಕ್ಷೇತ್ರಗಳ ಮೇಲೆ ಹಾಯುವ ಮಧ್ಯರೇಖೆಗೆ ಗಣಿಸಿ, ಅನಂತರ ಓದುವವನ ಊರಿಗೆ ತಕ್ಕಂತೆ ಸಂಸ್ಕಾರ ಮಾಡಿಕೊಳ್ಳುವುದು ಅದರ ಕ್ರಮ. ಪೂರ್ವಪಶ್ಚಿಮದ ವ್ಯತ್ಯಾಸಕ್ಕೆ ದೇಶಾಂತರಸಂಸ್ಕಾರ. ದಕ್ಷಿಣೋತ್ತರದ ವ್ಯತ್ಯಾಸಕ್ಕೆ ಪಲಭೆ. ಹನ್ನೆರಡು ಅಂಗುಲದ ಶಂಕುವನ್ನು ಸಮನೆಲದ ಮೇಲೆ ನಿಲ್ಲಿಸಿ, ಹಗಲಿರುಳು ಸಮವಾಗಿರುವ ವಿಷುವದ್ದಿನದ ಮಧ್ಯಾಹ್ನದಲ್ಲಿ ಅಳೆದ ನೆರಳೇ ಪಲಭೆ. ಅದೊಂದು ತಿಳಿದರೆ ಆ ಊರಿನ ಅಕ್ಷಾಂಶ, ಹಗಲಿನ ಪ್ರಮಾಣ, ಲಗ್ನ ಇವೆಲ್ಲವನ್ನೂ ಸಾಧಿಸಬಹುದು. ಶಂಕು ಹನ್ನೆರಡು, ನೆರಳು, ಅವೆರಡರ ಕರ್ಣ ಎಂಬ ಒಂದೇ ತ್ರಿಭುಜದಿಂದ ಅನುಪಾತವಾಗಿ ಅನೇಕ ಕ್ಷೇತ್ರಗಳನ್ನು ಹೊರಡಿಸುವ ರೀತಿಯನ್ನು ಭಾಸ್ಕರನು ವಿಶದವಾಗಿ ನಿರೂಪಿಸಿರುವನು.

ಈ ವಿಧಿಯ ಶಕ್ತಿಯನ್ನು ತೋರಿಸುವುದಕ್ಕೆ ಆಚಾರ್ಯನ ಊರಿನಿಂದ ಬಹುದೂರವಿರುವ ಸ್ಥಳವೊಂದನ್ನು ತೆಗೆದುಕೊಳ್ಳಬಹುದು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿಗೆ ಮದ್ದೂರೆಂಬ ಗ್ರಾಮವಿದೆ. ಮಂಡ್ಯದ ಸೀಮೆಯ ಮದ್ದೂರು ಬೇರೆ. ಕನ್ನಡನಾಡಿನ ತೆಂಕಣ ಕೊನೆಗೆ ಸೇರಿದ ಈ ಗ್ರಾಮವು ಉತ್ತರ ಅಕ್ಷಾಂಶ ಸುಮಾರು ೧೧¾ ಭಾಗೆಗಳಲ್ಲಿದೆ. ಅಲ್ಲಿಯ ಪಲಭೆ ಎರಡೂವರೆ ಅಂಗುಲ. ವಿಜಾಪುರದಲ್ಲಿ ಅದೇ ನೆರಳು ಮೂರು ಅಂಗುಲ ಮೂವತ್ತೆಂಟು ವ್ಯಂಗುಲದಷ್ಟೂ, ಪಾಟಣದಲ್ಲಿ ನಾಲ್ಕೂವರೆ ಅಂಗುಲಕ್ಕೆ ಸ್ವಲ್ಪ ಕಡಮೆಯಾಗಿಯೂ ಇರುವುದು.

ಮದ್ದೂರಿನ ನೆರಳನ್ನು ಹಿಡಿದು ಲೆಕ್ಕವನ್ನು ನಡೆಸಬಹುದು. ಶಂಕು ೧೨, ಪಲಭೆ ೨½ ಆದರೆ ಕರ್ಣ ೧೨¼ಕ್ಕೆ ಕಿಂಚಿತ್ ಹೆಚ್ಚು. ತ್ರಿಜ್ಯೆ ೩೪೩೮ನ್ನು ಪಲಭೆಯಿಂದ ಗುಣಿಸಿ ಕರ್ಣದಿಂದ ಭಾಗಿಸಿದರೆ ಅಕ್ಷಜ್ಯೆ ೭೦೧. ಅದರ ಚಾಪ ೧೧ ಭಾಗೆ ೪೬ ಕಲೆ. ಇಂದಿನ ಭೂಪಟದ ಅಕ್ಷಾಂಶಕ್ಕೆ ಇದು ಒಪ್ಪುತ್ತದೆ.

ಹಗಲಿನ ಪ್ರಮಾಣಕ್ಕೆ ಭಾಸ್ಕರನು ಹೇಳುವ ಸುಲಭವಿಧಿ ಇನ್ನೂ ಸೊಗಸಾದುದು. ಪಲಭೆಯನ್ನು ಕ್ರಮವಾಗಿ ೧೦, ೮, ೩⅓ ಇವುಗಳಿಂದ ಗುಣಿಸಿದರೆ ಸಾಯನ ಮೇಷ, ವೃಷಭ, ಮಿಥುನ ರಾಶಿಗಳ ಚರಖಂಡಗಳು ವಿಘಳಿಗೆಗಳಲ್ಲಿ ಬರುವುವು. ಮದ್ದೂರಿಗೆ ಅವು ೨೫, ೨೦, ೮⅓, ಒಟ್ಟು ೫೩⅓. ಇದರ ಇಮ್ಮಡಿಯನ್ನು ಮೂವತ್ತು ಘಳಿಗೆಗೆ ಕೂಡಿಸಲಾಗಿ ಅಲ್ಲಿಯ ಅತಿದೀರ್ಘವಾದ ಹಗಲು ೩೧ ಘಳಿಗೆ ೪೭ ವಿಘಳಿಗೆ, ಎಂದರೆ ೧೨ ಗಂಟೆ ೪೩ ನಿಮಿಷ. ವಾಯುಮಂಡಲದಲ್ಲಿ ಕಿರಣ ಬಾಗುವುದನ್ನು ಬಿಟ್ಟು, ಸೂರ್ಯಬಿಂಬದ ಕೇಂದ್ರವನ್ನು ಹಿಡಿದು ಇಂದಿನ ರೀತಿಯಿಂದ ಗಣಿಸಿದರೆ ಸುಮಾರು ೧೨ ಗಂಟೆ ೪೨ ನಿಮಿಷ. ಮೂರು ಗುಣಾಕಾರಗಳಿಂದ ದೊರೆತ ಫಲದಲ್ಲಿ ಒಂದು ನಿಮಿಷದ ವ್ಯತ್ಯಾಸ ಮಾತ್ರ ಉಳಿಯುವುದು. ದೇಶಾಂತರವಾದರೋ ಅತ್ಯಲ್ಪ; ಗ್ರಾಮವು ಉಜ್ಜಯಿನಿಯ ರೇಖೆಗೆ ಒಂದು ಭಾಗೆಯೊಳಗೆ ಪೂರ್ವಕ್ಕಿರುವುದರಿಂದ ಕಾಲದ ಅಂತರ ನಾಲ್ಕು ನಿಮಿಷಗಳನ್ನು ಮೀರದು.

ಇದರಿಂದ ಸ್ಪಷ್ಟವಾಗುವ ಸಂಗತಿಯೇನೆಂದರೆ, ಭಾಸ್ಕರನು ತನ್ನ ಊರನ್ನು ಒಂದು ಶ್ಲೋಕದಲ್ಲಿ ಹೆಸರಿಸಿದನು. ತನ್ನ ಶಾಸ್ತ್ರವನ್ನು ಆ ಊರಿಗೆ ಕಟ್ಟಿಹಾಕಲಿಲ್ಲ. ನೆರಳನ್ನು ಅಳೆಯಬಲ್ಲ ಯಾವ ಊರಿನವನಾದರೂ ಅದನ್ನು ತನ್ನದಾಗಿ ಮಾಡಿಕೊಳ್ಳುವಂತೆ ರಚಿಸಿದನು.

೫

ಇಷ್ಟು ಹೇಳಿದ ಮಾತ್ರಕ್ಕೆ ಆಚಾರ್ಯನಲ್ಲಿ ದೋಷವಿಲ್ಲವೆಂದು ತಿಳಿಯಲಾಗದು. ಮದ್ದೂರಿನ ನೆರಳೇ ಒಂದು ದೋಷವನ್ನು ತೋರಿಸಿಕೊಡುತ್ತದೆ. ಆ ಗ್ರಾಮವು ವಿಷುವದ್ರೇಖೆಗೂ ಕರ್ಕಾಟಕವೃತ್ತಕ್ಕೂ ಬಹುಮಟ್ಟಿಗೆ ನಟ್ಟನಡುವೆ ಇರುವುದರಿಂದ, ವಿಷುವದ್ದಿನದಲ್ಲಿ ಉತ್ತರಕ್ಕೆ ಬೀಳುವ ಮಧ್ಯಾಹ್ನಚ್ಛಾಯೆಯೂ, ಜೂನ್ ತಿಂಗಳ ದಕ್ಷಿಣಾಯನಾರಂಭದ ದಿನ ದಕ್ಷಿಣಕ್ಕೆ ಬೀಳುವ ಛಾಯೆಯೂ ಉದ್ದದಲ್ಲಿ ಹೆಚ್ಚುಕಡಮೆ ಸಮವಾಗಿರುವುವು. ಪೂರ್ವಾಚಾರ್ಯರಂತೆ ಭಾಸ್ಕರನು ಸೂರ್ಯನ ಪರಮಕ್ರಾಂತಿಯನ್ನು ೨೪ ಭಾಗೆಗಳೆಂದು ಹಿಡಿದನು. ಅದರಂತೆ ಆ ದಕ್ಷಿಣಚ್ಛಾಯೆ ೨ ಅಂಗುಲ ೩೬ ವ್ಯಂಗುಲ ಇರಬೇಕು. ಇಂದು ಇರುವುದು ೨ ಅಂಗುಲ ೨೯ ವ್ಯಂಗುಲ. ಹನ್ನೆರಡು ಅಂಗುಲದ ಶಂಕುವಿನಲ್ಲಿ ಇದು ಕಣ್ಣಿಗೆ ಬೀಳದು. ಹನ್ನೆರಡು ಮೊಳದ ಕಂಬವನ್ನು ನಿಲ್ಲಿಸಿದರೆ ಮೂರು ಅಂಗುಲದಷ್ಟು ಅಂತರ ತೋರುವುದು. ಆತನ ಕಾಲದಲ್ಲಿ ನಿಜವಾದ ಪರಮಕ್ರಾಂತಿ ೨೩ ಭಾಗೆ ೩೩ ಕಲೆಗಳಷ್ಟಿದ್ದುದರಿಂದ ಅಂತರ ಇದಕ್ಕಿಂತ ಕಡಮೆಯಾಗಿದ್ದಿತಾದರೂ ಅಳತೆಗೆ ಸಿಕ್ಕದಷ್ಟು ಸೂಕ್ಷ್ಮವಾಗಿರಲಿಲ್ಲ. ಉಜ್ಜಯಿನಿಯು ಲಂಕೆಯಿಂದ ಭೂಪರಿಧಿಯ ಹದಿನಾರನೆಯ ಒಂದು ಪಾಲು ದೂರದಲ್ಲಿದೆಯೆಂದು ಆತನು ಹೇಳುವುದೂ ಇಂತಹುದೇ. ಅದರಂತೆ ಅಕ್ಷಾಂಶ ೨೨½ ಭಾಗೆ ಆಗುವುದು, ನಿಜವಾದುದು ೨೩ ಭಾಗೆ ೧೧ ಕಲೆ. ಗ್ರಹಗಳ ಭಗಣಸಂಖ್ಯೆಗಳಲ್ಲಿಯೂ ಆತನು ಬಹುಮಟ್ಟಿಗೆ ಬ್ರಹ್ಮಗುಪ್ತನನ್ನು ಅನುಸರಿಸಿದನು. ವೇಧದಿಂದ ಹೊಸ ಅಳತೆಗಳನ್ನು ಸಂಪಾದಿಸುವುದರಲ್ಲಿ ಆತನ ಹಿರಿಮೆ ಕಾಣದು.

ಆತನ ಹಿರಿಮೆಯಿರುವುದು ಉಪಪತ್ತಿಯಲ್ಲಿ. ಗೋಳದ ಮೇಲ್ಮೈಯ ಫಲಕ್ಕೆ ಲಲ್ಲನು ಹೇಳಿದ ನಿಯಮವನ್ನು ತಪ್ಪೆಂದು ತೋರಿಸಿ, ಗೋಳವನ್ನು ಸಣ್ಣ ಖಂಡಗಳಾಗಿ ವಿಭಾಗಿಸಿ, ಪರಿಧಿಯನ್ನು ವ್ಯಾಸದಿಂದ ಗುಣಿಸಿದುದೇ ಪೃಷ್ಠಫಲವೆಂದು ಸಾಧಿಸಿದನು. ದಿನವೊಂದಕ್ಕೆ ಗ್ರಹವು ನಡೆಯುವ ದೂರದಿಂದ ತೃಪ್ತನಾಗದೆ, ಒಂದು ಕ್ಷಣದ ಗತಿಯೇನೆಂದು ಕೇಳಿ ತಾತ್ಕಾಲಿಕಗತಿಯನ್ನು ವಿವರಿಸಿ, ಜ್ಯೆಯ ವೃದ್ಧಿಯು ಕೋಟಿಜ್ಯೆಯ ಅನುಪಾತದಲ್ಲಿರುವುದೆಂದು ಹೇಳಿದನು. ತನ್ನ ಗ್ರಂಥಕ್ಕೆ ತಾನೇ “ವಾಸನಾಭಾಷ್ಯ”ವನ್ನು ಬರೆದು, ಸೂತ್ರವನ್ನು ಬಾಯಿಪಾಠ ಮಾಡಿದರೆ ಸಾಲದು, ಕಾರಣವನ್ನು ಅರಿಯಬೇಕೆಂಬ ಮಾರ್ಗವನ್ನು ಅದರಲ್ಲಿ ನಡೆಸಿ ತೋರಿಸಿದನು.

ಬೀಜಗಣಿತದ ವಿಷಯದಲ್ಲಿ ಹೊಗಳಿಕೆಯನ್ನು ಹಂಚಿಕೊಡಬೇಕಾಗುವುದು. ಒಂದು ವರ್ಗವನ್ನು ೬೧ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೊಂದು ವರ್ಗವಾಗಬೇಕೆಂಬ ಪ್ರಶ್ನೆಗೆ ೨೨೬೧೫೩೯೮೦ ಮತ್ತು ೧೭೬೬೩೧೯೦೪೯ ಎಂಬ ಉತ್ತರಗಳನ್ನು ಚಕ್ರವಾಳವಿಧಿಯಿಂದ ಆತನು ತೆಗೆದಿರುವನು. ಇದೇ ಪ್ರಶ್ನೆಯನ್ನು ಐದು ಶತಮಾನಗಳ ಅನಂತರ, ೧೬೫೭ರಲ್ಲಿ, ಫ್ರಾನ್ಸಿನ ಫೆರ್ಮಾ ಎಂಬ ಪಂಡಿತನು ಯೂರೋಪಿನ ಗಣಿತಜ್ಞರ ಮುಂದಿಟ್ಟನು. ಆದರೆ ಚಕ್ರವಾಳವನ್ನು ಭಾಸ್ಕರನೇ ಕಂಡುಹಿಡಿದನೆಂದು ಹೇಳುವಂತಿಲ್ಲ. ಜಯದೇವನೆಂಬವನ ಸೂತ್ರಗಳನ್ನು ಉದಯದಿವಾಕರನು ೧೦೭೩ರಲ್ಲಿ ರಚಿಸಿದ ವ್ಯಾಖ್ಯಾನದಲ್ಲಿ ಉದ್ಧರಿಸಿರುವನೆಂಬುದು ೧೯೫೪ರಲ್ಲಿ ಕೃಪಾಶಂಕರ ಶುಕ್ಲರ ಸಂಶೋಧನೆಯಿಂದ ಬೆಳಕಿಗೆ ಬಂದಿತು. ಶೂನ್ಯದಿಂದ ಭಾಗಿಸಿದ ರಾಶಿಯನ್ನು “ಖಹರ”ವೆಂದು ಕರೆದು ಅದಕ್ಕೆ ಎಷ್ಟನ್ನು ಕೂಡಿಸಿದರೂ ಕಳೆದರೂ ವಿಕಾರವಿಲ್ಲವೆಂದುದು ಗಂಭೀರವಾದ ವಿಚಾರವೇ. ಆದರೆ ಶೂನ್ಯದಿಂದ ಗುಣಿಸಿ ಮರಳಿ ಶೂನ್ಯದಿಂದಲೇ ಭಾಗಿಸಿದರೆ ಮೊದಲಿನ ರಾಶಿ ದೊರೆಯುವುದೆಂಬ ಆತನ ನಿಯಮವನ್ನು ಇಂದಿನ ಗಣಿತ ಒಪ್ಪಲಾರದು.

೬

ಕೊನೆಗೆ, ಕನ್ನಡನಾಡಿಗೆ ಈ ಪರಂಪರೆಯಲ್ಲಿ ಇರುವ ನಿಜವಾದ ಪಾಲನ್ನು ವಿಚಾರಿಸಬೇಕು. ಭಾಸ್ಕರನ ಶತಮಾನದಲ್ಲಿಯೇ ಕನ್ನಡದಲ್ಲಿ ಗಣಿತವನ್ನು ಬರೆದವನೊಬ್ಬನಿರುವನು. ಪೂವಿನಬಾಗೆಯ ಜೈನಕವಿ ರಾಜಾದಿತ್ಯನು “ವ್ಯವಹಾರಗಣಿತ”, “ಕ್ಷೇತ್ರಗಣಿತ”, “ಲೀಲಾವತಿ” ಮೊದಲಾದ ಗ್ರಂಥಗಳನ್ನು ರಚಿಸಿದನು. ಕನ್ನಡದ ಗಣಿತಗ್ರಂಥಕಾರರಲ್ಲಿ ಆತನೇ ಮೊದಲಿಗನೆಂದು ಕವಿಚರಿತೆಯಿಂದ ತಿಳಿಯುವುದು. ಆತನ ಕಾಲವನ್ನು ಕೆಲವರು ಸುಮಾರು ೧೧೨೦ ಎಂದೂ ಕೆಲವರು ೧೧೯೦ ಎಂದೂ ಎಣಿಸುವರು. ಮೊದಲನೆಯದು ಸರಿಯಾದರೆ ಕನ್ನಡದ ಲೀಲಾವತಿಯೇ ಸಂಸ್ಕೃತದ ಲೀಲಾವತಿಗಿಂತ ಹಿಂದಿನದಾಗುವುದು. ಎರಡನೆಯದು ಸರಿಯಾದರೆ ಮುಂದಿನದಾಗುವುದು. ಹೆಸರೊಂದೇ ಎಂಬ ಕಾರಣದಿಂದ ಕನ್ನಡದ ಗ್ರಂಥವನ್ನು ಭಾಸ್ಕರನ ಅನುವಾದವೆಂದು ಹೇಳಿಬಿಡುವುದು ವಿಜಾಪುರದ ವಾದದಷ್ಟೇ ದುರ್ಬಲವಾದ ಮಾತು. ಎರಡು ಗ್ರಂಥಗಳ ಸೂತ್ರಗಳನ್ನೂ ಉದಾಹರಣೆಗಳನ್ನೂ ಒಂದೊಂದಾಗಿ ಹೋಲಿಸಿದ ಮೇಲೆಯೇ ಅದು ನಿರ್ಣಯಕ್ಕೆ ಬರಬಲ್ಲದು.

ಇದಕ್ಕೂ ಮುಂಚೆ ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿ, ಮಹಾವೀರಾಚಾರ್ಯನು “ಗಣಿತಸಾರಸಂಗ್ರಹ”ವನ್ನು ಬರೆದಿದ್ದನು. ಅದನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಅನುವಾದದೊಡನೆ ಮುದ್ರಿಸಿದರು. ಮಹಾವೀರ, ರಾಜಾದಿತ್ಯ ಇವರಿಬ್ಬರ ವಿಷಯದಲ್ಲಿ ಕನ್ನಡನಾಡಿನ ಹಕ್ಕನ್ನು ಯಾರೂ ಪ್ರಶ್ನಿಸರು. ಆದರೂ ವಿಜ್ಜಡವಿಡದ ವಿವಾದಕ್ಕೆ ದೊರೆತ ಉತ್ಸಾಹದಲ್ಲಿ ಒಂದು ಪಾಲು ಕೂಡ ರಾಜಾದಿತ್ಯನ ಸೂತ್ರಗಳ ಪರೀಕ್ಷೆಗೆ ದೊರೆತಿಲ್ಲ. ತನ್ನದೆಂದು ಸಿದ್ಧವಾಗಿರುವ ಸೊತ್ತನ್ನು ನೋಡದೆ, ಸಂದಿಗ್ಧವಾದ ಸೊತ್ತಿಗಾಗಿ ವಾದಿಸುವುದು ವಿದ್ಯಾಭಿಮಾನದ ಲಕ್ಷಣವಲ್ಲ.

ಭಾಸ್ಕರನ ಮೊಮ್ಮಗನು ತಾತನ ಹುಟ್ಟೂರನ್ನು ಸಾರುವುದಕ್ಕಾಗಿ ಶಾಸನವನ್ನು ಬರೆಯಿಸಲಿಲ್ಲ. ತಾತನ ಗ್ರಂಥಗಳನ್ನು ಓದುವವರಿಗಾಗಿ ಮಠವನ್ನು ಕಟ್ಟಿಸಿದನು, ಆ ಮಠಕ್ಕೆ ದೊರೆತ ದತ್ತಿಗಾಗಿ ಶಾಸನ ಹುಟ್ಟಿತು. ಆಚಾರ್ಯನ ಜನ್ಮಸ್ಥಳವನ್ನು ಕುರಿತ ಸಂಶೋಧನೆ ನಡೆಯಬೇಕಾದುದೇ. ಹೊಸ ಶಾಸನವೊಂದು ದೊರೆತರೆ ಇಲ್ಲಿಯ ನಿರ್ಣಯವೂ ಬದಲಾಗಬಹುದು. ಅದರೊಡನೆ, ಗೋಲಾಧ್ಯಾಯವನ್ನು ವಾಸನಾಭಾಷ್ಯಸಹಿತವಾಗಿ ಕನ್ನಡದಲ್ಲಿ ವಿವರಿಸುವ ಕಾರ್ಯವೂ, ರಾಜಾದಿತ್ಯನ ಗ್ರಂಥಗಳನ್ನು ಭಾಸ್ಕರನ ಗ್ರಂಥದೊಡನೆ ಹೋಲಿಸಿ ನೋಡುವ ಕಾರ್ಯವೂ, ಪಾಠಶಾಲೆಗಳ ಅಂಗಳದಲ್ಲಿ ವಿಷುವದ್ದಿನದ ನೆರಳನ್ನು ಮಕ್ಕಳಿಂದ ಅಳೆಯಿಸುವ ಕಾರ್ಯವೂ ನಡೆಯತಕ್ಕವು. ಈ ಮೂರು ಕಾರ್ಯಗಳಿಗೂ ವಿಜ್ಜಡವಿಡದ ನಿರ್ಣಯಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ.